ಚಕ್ರದಲ್ಲಿ ಹೂ ಕೇಳಿದ್ದು

ಪಾಂಡವಪುರದಲ್ಲಿ ಹತ್ತಿದ ಬಸ್ಸು ರೈಲ್ವೆ ಸ್ಟೇಷನ್ನಿನ ಹತ್ತಿರ ಬರುವ ಮುಂಚೆಯೇ ಪ್ರಮೀಳಾಗೆ ಹಿಂದಿನ ಸೀಟಿನಿಂದ ತನ್ನದೇ ದನಿ ಕೇಳಿಸಿತು. "ಅಯ್ಯಯ್ಯೋ, ಇನ್ನೇನ್ ಬಂದೇಬುಟ್ಟಿತ್ತು ಕಣವ್ವ! ಇನ್ನೊಂದ್ ಕಿತ ತಿರುಗ್ಸು, ನೋಡೇಬುಡವ!" ಅವಳು ಬಾಯಿ ಬಿಟ್ಟಿರಲಿಲ್ಲ. ಕಿಟಕಿಯ ಸರಳಿಗೆ ತಲೆ ಆನಿಸಿಕೊಂಡು, ಬೆಳಿಗ್ಗೆ ತಮ್ಮನ ಹೆಂಡತಿ ಸಹನ ಫೋನಿನಲ್ಲಿ ಹೇಳಿದ್ದನ್ನು ನೆನೆಯಬಾರದು ನೆನೆಯಬಾರದು ಎಂದುಕೊಳ್ಳುತ್ತ ಕೂತಿದ್ದಳು. ದನಿ ಮತ್ತೆ ಬಂತು. ಅದೇ ಅಯ್ಯಯ್ಯೋ, ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನಗು. ತಿರುಗಿ ನೋಡಿದರೆ ಬಿಳಿ ಶರಟಿನ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ ಇಟ್ಟುಕೊಂಡ ಯಾವನೋ ನೌಕರ. ಗಂಡಸರಿಗೆ 'ಕಣಪ್ಪ', ಹೆಂಗಸರಿಗೆ 'ಕಣವ್ವ' ಎಂದು ಅವಳು ಆ ಆಟಕ್ಕೆ ಎರಡು ಬಗೆಯಲ್ಲಿ ದನಿ ಕೊಟ್ಟಿದ್ದಳು. ಇವನದು ಹೆಂಡತಿಯ ಫೋನಿರಬೇಕು. ಫೋನಿನೊಳಗೆ ಬಣ್ಣದ ಚಕ್ರ ತಿರುಗುತ್ತಿತ್ತು, ಅವನ ಬಾಯಿ ಅರ್ಧ ತೆರೆದಿತ್ತು. ಕಂಡಕ್ಟರ್ ಬಂದು ಎಲ್ಲಿಗೆ ಅಂದಾಗ ಅವಳು ಆಧಾರ್ ಕಾರ್ಡ್ ಮುಂದೆ ಹಿಡಿದು "ಶ್ರೀರಂಗಪಟ್ಣ" ಎಂದು ಗಂಟಲೊಳಗೇ ಹೇಳಿದಳು. ಕಂಡಕ್ಟರ್ ಕಿವಿ ಕೊಟ್ಟು "ಎಲ್ಲೀಗ್ ತಾಯಿ?" ಅಂದ. ಜೋರಾಗಿಯೇ ಹೇಳಬೇಕಾಯಿತು. ಹಿಂದಿನವನು ಈಗ ತಲೆಯೆತ್ತುತ್ತಾನೆ, ದನಿ ಗುರುತು ಹಿಡಿಯುತ್ತಾನೆ ಎಂದು ಕತ್ತಿನ ಹಿಂಭಾಗವೆಲ್ಲ ಬಿಸಿಯಾಯಿತು. ಅವನು ತಲೆಯೆತ್ತಲೇ ಇಲ್ಲ. ಅದಕ್ಕೂ ಅವಳಿಗೆ ಒಂದು ಥರ ಅವಮಾನವೇ ಆಯಿತು.

ಆ ಮಾತು ಅವಳದ್ದೂ ಅಲ್ಲ, ಅವ್ವನದು. ಆಟದ ಕಂಪನಿಯವರು ಬರೆದು ಕಳಿಸಿದ್ದು 'ಓಹ್, ಸ್ವಲ್ಪದರಲ್ಲಿ ತಪ್ಪಿತು, ಮತ್ತೊಮ್ಮೆ ಪ್ರಯತ್ನಿಸಿ' ಎಂದು. ಶ್ರೀರಂಗಪಟ್ಟಣದ ಮಂಜುನಾಥನ ಸ್ಟುಡಿಯೋದಲ್ಲಿ ಅದನ್ನೇ ಓದಿದ್ದಳು. ಆಟೋದ ಮೇಲೆ ಮೈಕು ಕಟ್ಟಿ ಸಾರುವ ಜಾಹೀರಾತಿಗೆಲ್ಲ ದನಿ ಕೊಟ್ಟು ಅಭ್ಯಾಸವಿದ್ದವಳು, ಓದುವುದೇನು ಕಷ್ಟ. ಆದರೆ ಬೆಂಗಳೂರಿನಿಂದ ಲ್ಯಾಪ್‌ಟಾಪಿನಲ್ಲಿ ಕೂತು ಕೇಳುತ್ತಿದ್ದ ಅರ್ಪಿತ ಎಂಬ ಹುಡುಗಿ, "ಬ್ಯಾಂಕಿಂದ ಫೋನ್ ಬಂದ ಹಾಗಿದೆ ಪ್ರಮೀಳಾ ಅವ್ರೇ, ನಿಮ್ಮನೇಲಿ ಹೇಗೆ ಮಾತಾಡ್ತೀರೋ ಹಾಗೆ ಹೇಳಿ" ಅಂದಿದ್ದಳು. ಮನೆ ಅಂದ ತಕ್ಷಣ ನೆನಪಾದದ್ದು ಬೆಳಗೊಳದ ಕೊಟ್ಟಿಗೆ. ದನ ಕರು ಹಾಕಲು ಒದ್ದಾಡುವಾಗ ಅವ್ವ ಮೊಣಕೈವರೆಗೆ ಎಣ್ಣೆ ಸವರಿಕೊಂಡು, ದನದ ಸೊಂಟಕ್ಕೆ ಕೆನ್ನೆ ಒತ್ತಿ, "ಇನ್ನೇನ್ ಬಂದೇಬುಡ್ತು ಕಣವ್ವ, ಇನ್ನೊಂದ್ ಕಿತ, ಇನ್ನೊಂದೇ ಒಂದ್ ಕಿತ" ಅನ್ನುತ್ತಿದ್ದಳು. ಊರಲ್ಲಿ ಯಾರ ಮನೆಯ ದನಕ್ಕೆ ತೊಂದರೆಯಾದರೂ ಡಾಕ್ಟರಿಗೆ ಫೋನು ಮಾಡಿ, ಡಾಕ್ಟರು ಬರುವವರೆಗೆ ಅವ್ವನನ್ನೇ ಕರೆಯುತ್ತಿದ್ದರು. ಕರುವಿನ ಕಾಲು ಕೈಗೆ ಸಿಕ್ಕಿದ ಮೇಲೆ ಮಾತ್ರ ಅವ್ವ ಆ ಮಾತು ಹೇಳುತ್ತಿದ್ದಳು, ಸಿಗದೆ ಹೇಳುತ್ತಿರಲಿಲ್ಲ. ಮೈಕಿನ ಮುಂದೆ ಪ್ರಮೀಳಾ ಅದನ್ನೇ ಅಂದಳು. ಲ್ಯಾಪ್‌ಟಾಪಿನಲ್ಲಿ ಅರ್ಪಿತ ಕುರ್ಚಿಯಿಂದ ಎದ್ದುಬಿಟ್ಟಳು. "ಅಯ್ಯೋ ಇದೇ, ಇದೇ ಬೇಕಾಗಿದ್ದು!" ಆವತ್ತು ಪ್ರಮೀಳಾ ಸಂಜೆಯ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದಿದ್ದಳು. ನಾಗಮಂಗಲದ ಮನೆಯಲ್ಲಿ ಅವಳು ಬಾಯಿ ತೆರೆದರೆ ಗಂಡ ಅಶೋಕ ಟೀವಿಯ ರಿಮೋಟು ತೆಗೆದುಕೊಂಡು ಸದ್ದು ಜಾಸ್ತಿ ಮಾಡುತ್ತಿದ್ದ. ಬೈದವನಲ್ಲ, ಕೈ ಎತ್ತಿದವನಲ್ಲ. ಸದ್ದು ಮಾತ್ರ ಜಾಸ್ತಿ ಮಾಡುತ್ತಿದ್ದ. ಅಂಥ ಮನೆಯಿಂದ ಬಂದು ಪಾಂಡವಪುರದಲ್ಲಿ ಬಾಡಿಗೆ ಮನೆ ಮಾಡಿದವಳಿಗೆ, ಯಾರೋ ತನ್ನ ದನಿ ಕೇಳಿ ಎದ್ದು ನಿಂತರು ಅಂದರೆ ತಲೆ ತಿರುಗದೆ ಇರುತ್ತದೆಯೇ. ಆ ಮಾತನ್ನು ಎಲ್ಲಿ ಅಂಟಿಸುತ್ತಾರೆ ಎಂದು ಅವಳು ಕೇಳಲಿಲ್ಲ.

ಎಲ್ಲಿ ಅಂಟಿಸಿದರು ಎಂದು ಆಮೇಲೆ ಹೇಳಿದವನು ಮಂಜುನಾಥ. ಆಟದ ಹೆಸರು 'ಹೊನ್ನ ಹೊಲ'. ಫೋನಿನಲ್ಲೇ ಉಳುವುದು, ಬಿತ್ತುವುದು, ಹಸು ಕಟ್ಟುವುದು. ನಡುನಡುವೆ ಒಂದು ಚಕ್ರ. ತಿರುಗಿಸಿದರೆ ಬೀಜವೋ ಎಮ್ಮೆಯೋ ಚಿನ್ನದ ನೇಗಿಲೋ ಸಿಗುತ್ತದೆ. ದುಡ್ಡು ಕೇಳುವುದಿಲ್ಲ, ಒಂದು ಜಾಹೀರಾತು ನೋಡಿದರೆ ಇನ್ನೊಂದು ಸಲ ತಿರುಗಿಸಲು ಬಿಡುತ್ತದೆ. "ಅದು ತಿರ್ಗೋಕ್ ಮುಂಚೆನೇ ಎಲ್ ನಿಲ್ಬೇಕು ಅಂತ ಒಳಗೆ ತೀರ್ಮಾನ ಆಗಿರ್ತದಂತೆ ಪ್ರಮೀಳಕ್ಕ," ಎಂದಿದ್ದ ಮಂಜುನಾಥ, ಮದುವೆ ವಿಡಿಯೋ ಕತ್ತರಿಸುತ್ತಲೇ. "ಮುಳ್ಳು ಚಿನ್ನದ್ ನೇಗ್ಲಿನ್ ಪಕ್ಕದ್ ಮನೇಲಿ ಬಂದು ನಿಲ್ಲೋ ಅಂಗೆ ಬೇಕಂತ್ಲೇ ಮಾಡಿರ್ತಾರೆ. ಆಗ ನಿಮ್ ಅಯ್ಯಯ್ಯೋ. ಜನ ಬುಡ್ತಾರಾ?" ಕೈಗೆ ಕಾಲೇ ಸಿಗದ ಕರುವಿಗೆ 'ಇನ್ನೇನ್ ಬಂದೇಬುಡ್ತು' ಅಂದ ಹಾಗಾಯಿತಲ್ಲ ಎಂದು ಆಗ ಅವಳಿಗೆ ಅನ್ನಿಸಿತ್ತು. ಅನ್ನಿಸಿ ಸುಮ್ಮನಾಗಿದ್ದಳು. ಇವತ್ತು ಬೆಳಿಗ್ಗೆ ಸಹನ ಫೋನು ಮಾಡಿ, "ಅಕ್ಕ, ಅತ್ತೆಗ್ ನಾನ್ ಯೋಳುದ್ರೆ ನಾಟಲ್ಲ, ನೀವ್ ಒಂದ್ಸಲ ಬನ್ನಿ" ಎಂದಳು. ಮನೆಯ ಹಸು ಕೆಂಪಿ ಮೊನ್ನೆ ಕರು ಹಾಕಿತಂತೆ. ಅವ್ವ ಪಕ್ಕದಲ್ಲೇ ಕೂತಿದ್ದಳಂತೆ, ಬಕೆಟು ಬೋರಲು ಹಾಕಿಕೊಂಡು, ಫೋನು ಹಿಡಿದುಕೊಂಡು. ಕರು ನೆಲಕ್ಕೆ ಬಿದ್ದು, ಮೂಗಿನ ಮೇಲೆ ಪೊರೆ ಮುಚ್ಚಿಕೊಂಡು ಕಾಲು ಬಡಿಯುತ್ತಿದ್ದರೂ ಅವ್ವ ತಲೆಯೆತ್ತಲಿಲ್ಲವಂತೆ. ಸಹನ ಸೊಪ್ಪು ಹಾಕಲು ಬಂದವಳು ನೋಡಿ, ಸೆರಗಿನಲ್ಲೇ ಒರೆಸಿ, ಮೂಗಿಗೆ ಬಾಯಿಟ್ಟು ಊದಿದಳಂತೆ. "ಕರ ಬದೀಕತು ಅಕ್ಕ. ಅತ್ತೆ ಆವತ್ನಿಂದ ಉಣ್ತಾ ಇಲ್ಲ. ಫೋನ್ ಮಾತ್ರ ಬುಡ್ತಾ ಇಲ್ಲ. ನಿಮ್ ದನಿ ಬತ್ತದಲ್ಲ ಅದ್ರಲ್ಲಿ." ಕೊನೆಯ ಮಾತನ್ನು ಸಹನ ಆಡಬೇಕೆಂದು ಆಡಿದ್ದಲ್ಲ. ಆದರೂ ಪ್ರಮೀಳಾಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಶ್ರೀರಂಗಪಟ್ಟಣದಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹಿಂದಿನ ಮೆಟ್ಟಿಲು ಹತ್ತಿ ಸ್ಟುಡಿಯೋಗೆ ಹೋದಾಗ ಅರ್ಪಿತ ಆಗಲೇ ಲ್ಯಾಪ್‌ಟಾಪಿನಲ್ಲಿದ್ದಳು. ಇವತ್ತಿನ ಕೆಲಸ ಚಿಕ್ಕದು ಎಂದಳು. "ಸರ್ಕಾರದಿಂದ ಏನೋ ನಿಯಮ ಬರೋ ಹಾಗಿದೆ. ಚಕ್ರದಲ್ಲಿ ಬರದೇ ಇರೋದನ್ನ ಬಂದೇಬಿಟ್ಟಿತ್ತು ಅಂತ ತೋರಿಸೋ ಹಾಗಿಲ್ಲ ಅಂತೆ, ಅದನ್ನ ಇಂಜಿನಿಯರ್‌ಗಳು ನೋಡ್ಕೋತಾರೆ. ಜಾಸ್ತಿ ಹೊತ್ತು ಆಡೋರಿಗೆ ನಾವೇ ನಿಲ್ಸಿ ಅಂತ ಹೇಳ್ಬೇಕಂತೆ. ಅದು ನಿಮ್ಮ ಕೆಲಸ." ಬರೆದದ್ದು ಬಂತು. 'ಈ ಆಟವು ಅಭ್ಯಾಸವಾಗಿ ಪರಿಣಮಿಸುವ ಸಾಧ್ಯತೆಯಿರುತ್ತದೆ. ಆಟಗಾರರು ನಿಯಮಿತ ವಿರಾಮ ಪಡೆಯುವಂತೆ ಸೂಚಿಸಲಾಗಿದೆ.' ಪ್ರಮೀಳಾಗೆ ಒಳಗೊಳಗೇ ಹಾಯೆನಿಸಿತು. ತಾನೇ ಹಾಕಿದ ಗಂಟನ್ನು ತಾನೇ ಬಿಚ್ಚಬಹುದು ಎಂದು ನಿಧಾನವಾಗಿ, ಒಬ್ಬೊಬ್ಬರಿಗೂ ತಾಗುವ ಹಾಗೆ ಓದಿದಳು. "ಇಷ್ಟು ಬೇಡ," ಎಂದಳು ಅರ್ಪಿತ. "ಜಾಹೀರಾತಿನ ಕೊನೇಲಿ ಗಡಗಡ ಅಂತ ಓದ್ತಾರಲ್ಲ, ಹಾಗೆ. ಇದ್ದೂ ಇಲ್ಲದ ಹಾಗೆ ಇರಬೇಕು. ಹೇಳಿದ್ದೀವಿ ಅಂತ ಆಗಬೇಕು, ಅಷ್ಟೇ. ಇದನ್ನ ಕೇಳಿ ಯಾರಾದ್ರೂ ಎದ್ದು ಹೋಗಿಬಿಟ್ರೆ ನಮ್ಮ ಕಥೆ ಏನು?" ಎಂದು ನಕ್ಕಳು. ಕೆಟ್ಟ ಹುಡುಗಿಯೇನಲ್ಲ, ಮೇಲಿನವರು ಹೇಳಿದ್ದನ್ನು ಹೇಳುತ್ತಾಳೆ. ಪ್ರಮೀಳಾ ಗಡಗಡನೆ ಓದಿದಳು. ಒಂದೇ ಉಸಿರು, ಏರಿಲ್ಲ ಇಳಿವಿಲ್ಲ. ತನ್ನ ಬಾಯಿಂದ ಇಷ್ಟು ಸತ್ತ ದನಿ ಹೊರಡುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅಲ್ಲ, ಗೊತ್ತಿತ್ತು. ನಾಗಮಂಗಲದಲ್ಲಿ ಕಡೆಕಡೆಗೆ 'ಊಟಕ್ಕೆ ಬನ್ನಿ' ಎಂದು ಇದೇ ದನಿಯಲ್ಲಿ ಅನ್ನುತ್ತಿದ್ದಳು. "ಸೂಪರ್," ಎಂದಳು ಅರ್ಪಿತ. "ಸಂಜೆ ಕಳಿಸಿಬಿಡಿ ಮಂಜುನಾಥ್." ಮಂಜುನಾಥ ಪ್ರಮೀಳಾಳ ಮುಖ ನೋಡಿ ಟೀ ತರಿಸಲೇ ಎಂದ. ಅವಳು ಬೇಡವೆಂದು ಮೆಟ್ಟಿಲು ಇಳಿದಳು.

ಪಾಲಹಳ್ಳಿಯ ಮೇಲೆ ಬೆಳಗೊಳಕ್ಕೆ ಹೋಗುವ ಬಸ್ಸು ಖಾಲಿಯಾಗಿತ್ತು. ಗದ್ದೆಯಲ್ಲಿ ಆಗತಾನೇ ನಾಟಿ ಮುಗಿದಿತ್ತು, ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಹೆಂಗಸರು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಅವ್ವನಿಗೆ ಏನು ಹೇಳುವುದು. ಆಟ ಬಿಡು ಅನ್ನುವುದೇ? ಬಾ ಬಾ ಎಂದು ಕರೆಯುವವಳೂ ಇವಳೇ, ಬಿಡು ಅನ್ನುವವಳೂ ಇವಳೇ. ಅಪ್ಪ ಇದ್ದಿದ್ದರೆ ಫೋನು ಕಿತ್ತು ನಾಲೆಗೆ ಎಸೆಯುತ್ತಿದ್ದ. ಆ ಫೋನು ಕೊಡಿಸಿದವಳೂ ಇವಳೇ, 'ನನ್ ದನಿ ಕೇಳವ್ವ, ಎಂಗದೆ ನೋಡು' ಎಂದು ಆಟ ಹಾಕಿಕೊಟ್ಟವಳೂ ಇವಳೇ. ಕಳೆದ ಸಲ ಬಂದಾಗ ಅವ್ವ ಅವಳನ್ನು ಪಟ್ಟಲದಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದಳು, ಹೂ ಕೇಳಲು. ಪೂಜೆ ಮಾಡುವ ದ್ಯಾವಯ್ಯ ನೀರಿನಲ್ಲಿ ಅದ್ದಿದ ಹೂಗಳನ್ನು ಅಮ್ಮನ ಮೈತುಂಬ ಅಂಟಿಸಿ ಪಕ್ಕಕ್ಕೆ ಕೂತ. ಅವ್ವ ಕಣ್ಣು ಮುಚ್ಚಿ, ಕೈ ಮುಗಿದು, ತುಟಿಯಲ್ಲೇ ಏನೋ ಕೇಳಿದಳು. ಬಲಗಡೆ ಹೂ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಏನು ಕೇಳಿದಳೆಂದು ಪ್ರಮೀಳಾಗೆ ಗೊತ್ತಿತ್ತು. ಗೊತ್ತಿದ್ದೇ ಕಂಬಕ್ಕೆ ಒರಗಿ, ಬೀಳಲಿ ಬೀಳಲಿ, ಎಡಕ್ಕೆ ಬೀಳಲಿ ಎಂದು ಕಳ್ಳಿಯ ಹಾಗೆ ನಿಂತಿದ್ದಳು. ತುಂಬ ಹೊತ್ತಾದ ಮೇಲೆ ಎಡಗಡೆಯ ಕಣಗಲೆ ಬಿತ್ತು. ಅವ್ವ "ಇನ್ನೊಂದ್ ಕಿತ ಕೇಳ್ತೀನಿ ದ್ಯಾವಣ್ಣ" ಎಂದು ಗೋಗರೆದಳು. ದ್ಯಾವಯ್ಯ ತಲೆಯಾಡಿಸಿದ. ಒಂದು ಮಾತನ್ನು ಅಮ್ಮನ ಹತ್ತಿರ ಎರಡು ಸಲ ಕೇಳುವ ಹಾಗಿಲ್ಲ, ಯಾರೇ ಬರಲಿ. ಅವನು ಎಲ್ಲರಿಗೂ ಹೇಳುವುದನ್ನೇ ಹೇಳಿದ, ಬಲಕ್ಕೆ ಬಿದ್ದವರಿಗೂ ಎಡಕ್ಕೆ ಬಿದ್ದವರಿಗೂ ಒಂದೇ ದನಿಯಲ್ಲಿ ಹೇಳುತ್ತಾನಲ್ಲ, ಅದೇ ದನಿಯಲ್ಲಿ: "ಅಮ್ಮುಂಗ್ ಕೇಳುಸ್ತು ಕಣವ್ವ. ಎದ್ದೇಳು, ಮನೇಲಿ ಕಾಯ್ತಾವ್ರೆ." ಅವ್ವ ಎದ್ದಿದ್ದಳು. ಮನೆಯ ಬಾಗಿಲಲ್ಲಿ, "ನೀನೇನಂತೀಯವ್ವ?" ಎಂದು ಕೇಳಿದಳು. ಪ್ರಮೀಳಾ ಚಪ್ಪಲಿ ಬಿಡುತ್ತ, "ನೋಡವ, ಬುಡವ್ವ" ಅಂದಿದ್ದಳು. ಎಷ್ಟು ಸಲ ಕೇಳಿದರೂ ಅವಳು ಕೊಡುತ್ತಿದ್ದ ಉತ್ತರ ಅದೊಂದೇ.

ಬೆಳಗೊಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಸಹನ ಬಾಗಿಲಲ್ಲೇ ಇದ್ದಳು, ಕಣ್ಣಲ್ಲೇ ಕೊಟ್ಟಿಗೆಯ ಕಡೆ ತೋರಿಸಿ, ಸದ್ದು ಮಾಡದೆ ಒಳಗೆ ಹೋದಳು. ಕೊಟ್ಟಿಗೆಯ ತಟ್ಟಿಯ ಸಂದಿಯಿಂದ ಪ್ರಮೀಳಾ ನೋಡಿದಳು. ಕೆಂಪಿ ಮೆಲುಕು ಹಾಕುತ್ತಿತ್ತು. ಕರು ಒಣಹುಲ್ಲಿನ ಮೇಲೆ ಮುದುರಿ ಮಲಗಿತ್ತು. ಅವ್ವ ಬೋರಲು ಬಕೆಟಿನ ಮೇಲೆ, ಕೆಂಪಿಗೆ ಬೆನ್ನು ಮಾಡಿ ಕೂತಿದ್ದಳು. ಫೋನಿನ ಗಾಜನ್ನು ಸೆರಗಿನ ತುದಿಯಿಂದ ಒರೆಸಿದಳು. ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ತುಟಿ ಅಲ್ಲಾಡಿತು. "ತಾಯೀ, ನನ್ ಮಗ್ಳು ನಾಗಮಂಗ್ಲುಕ್ಕೆ ಓಯ್ತಾಳಾ? ಓಗೋದಾದ್ರೆ ಬಲಕ್ ಕೊಡು." ಬೆರಳಿನಿಂದ ತಳ್ಳಿದಳು. ಚಕ್ರ ಟಿಕಟಿಕ ತಿರುಗಿ, ನಿಧಾನವಾಗಿ, ಇನ್ನೊಂದೇ ಒಂದು ಮನೆ ದಾಟಿದರೆ ಬಲಗಡೆಯ ಚಿನ್ನದ ನೇಗಿಲು, ದಾಟಲಿಲ್ಲ. "ಅಯ್ಯಯ್ಯೋ," ಎಂದಿತು ಪ್ರಮೀಳಾಳ ದನಿ, "ಇನ್ನೇನ್ ಬಂದೇಬುಟ್ಟಿತ್ತು ಕಣವ್ವ! ಇನ್ನೊಂದ್ ಕಿತ ತಿರುಗ್ಸು!" ಅವ್ವ ಫೋನಿಗೆ ತಲೆಯಾಡಿಸಿ, "ಊಂ ಕಣವ್ವ, ನೀನೇ ಯೋಳ್ದ್ ಮ್ಯಾಕೆ ಕೇಳ್ದೆ ಇದ್ದೇನಾ" ಎಂದು ಮತ್ತೆ ಕಣ್ಣಿಗೆ ಒತ್ತಿಕೊಂಡಳು. ಅವ್ವ ಚಕ್ರ ತಿರುಗಿಸುತ್ತಿದ್ದುದು ಯಾವುದಕ್ಕೆಂದು ಪ್ರಮೀಳಾಗೆ ಈಗ ತಿಳಿಯಿತು. ಬೀಜಕ್ಕಲ್ಲ, ಎಮ್ಮೆಗಲ್ಲ. ಗುಡಿಯಲ್ಲಿ ಎರಡನೇ ಸಲ ಕೇಳಲು ಬಿಡದ ಮಾತನ್ನು ಅವ್ವ ಇಲ್ಲಿಗೆ ತಂದಿದ್ದಳು. ಇಲ್ಲಿ ಎಡಕ್ಕೆ ಬಿದ್ದರೂ ಇಲ್ಲ ಅನ್ನುವವರಿರಲಿಲ್ಲ, ಎದ್ದೇಳು ಅನ್ನುವ ದ್ಯಾವಯ್ಯನಿರಲಿಲ್ಲ.

"ಅವ್ವ," ಎಂದಳು. ಅವ್ವ ಫೋನಿನ ಕಡೆಯೇ ನೋಡಿದಳು, ದನಿ ಅಲ್ಲಿಂದ ಬಂತೆಂದು. ಆಮೇಲೆ ತಿರುಗಿ ಮಗಳನ್ನು ಕಂಡು ಗಾಬರಿಯಲ್ಲಿ ಫೋನನ್ನು ಹುಲ್ಲಿನಡಿ ತುರುಕಿದಳು. ಅರವತ್ತು ದಾಟಿದ ಹೆಂಗಸು, ಕದ್ದು ಬೆಲ್ಲ ತಿಂದ ಮಗುವಿನ ಹಾಗೆ. ಆ ಕೈಯನ್ನು ನೋಡಿ ಪ್ರಮೀಳಾಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. "ಅದು ನಾನಲ್ಲ ಕಣವ್ವ! ರೆಕಾಡು ಮಾಡಿರೋದು. ಯಾರ್ ತಿರುಗ್ಸುದ್ರೂ ಅಂಗೇ ಅಂತದೆ. ಬಸ್ಸಲ್ಲಿ ಯಾವನ್ಗೋ ಅಂತಾ ಇತ್ತು ಇವತ್ತು. ಅದ್ರಲ್ಲಿ ಓಗಿ ಹೂ ಕೇಳ್ತೀಯಲ್ಲ!"

"ಅಷ್ಟ್ ತಿಳ್ಯಕಿಲ್ವಾ ನಂಗೆ? ನಾನೇನ್ ಎಡ್ಡೀನಾ?" ಅವ್ವನಿಗೂ ರೇಗಿತು. "ರೆಕಾಡು ಅಂತ ಗೊತ್ತು ಕಣವ್ವ. ದ್ಯಾವಣ್ಣ ಇನ್ನೊಂದ್ ಕಿತ ಕೇಳಕ್ ಬುಡ್ಲಿಲ್ಲ. ನಿನ್ನೇ ಕೇಳಾನ ಅಂದ್ರೆ ನೋಡವ ಅಂತೀಯ. ಇದೂ ನೋಡೇಬುಡವ ಅಂತದೆ. ನೀನೂ ಅಂಗೇ ಅಂತೀಯ, ಇದೂ ಅಂಗೇ ಅಂತದೆ. ಎರಡ್ರಲ್ಲಿ ಯಾವ್ದುನ್ ನಿಜ ಅನ್ಲಿ ನಾನು? ಯೋಳು ಮತ್ತೆ."

ಕೆಂಪಿ ಬಾಲದಿಂದ ನೊಣ ಹೊಡೆಯಿತು. ಕಂಪನಿಯವರಿಗೆ ಈ ಮೋಸ ಹೇಳಿಕೊಟ್ಟವರು ಯಾರೋ ಇಂಜಿನಿಯರುಗಳು ಎಂದು ಇಷ್ಟು ದಿನ ಪ್ರಮೀಳಾ ಅಂದುಕೊಂಡಿದ್ದಳು. ಬರುವುದಿಲ್ಲ ಎಂದು ಒಳಗೇ ತೀರ್ಮಾನ ಮಾಡಿಟ್ಟುಕೊಂಡು, ಇನ್ನೇನು ಬಂತು ಎಂದು ತೋರಿಸುತ್ತ ಕೂತಿದ್ದು ಬರೀ ಆ ಚಕ್ರವೇ? ಮತ್ತೆ ನಾಗಮಂಗಲಕ್ಕೆ ಹೋಗುವುದಿಲ್ಲ ಎಂದು ಅಲ್ಲಿಂದ ಬಸ್ಸು ಹತ್ತಿದ ದಿನವೇ ಅವಳಿಗೆ ಗೊತ್ತಿತ್ತು. ಅಶೋಕನಿಗೂ ಗೊತ್ತು, ಅವನ ಮನೆಯವರಿಗೂ ಗೊತ್ತು. ಅವ್ವನಿಗೆ ನೋವಾಗುತ್ತದೆ ಎಂದು ಹೇಳಲಿಲ್ಲವೇ, ಅವ್ವನ ಅಳು ನೋಡಲು ತನಗೆ ಧೈರ್ಯವಿಲ್ಲ ಎಂದು ಹೇಳಲಿಲ್ಲವೇ? ಎರಡನೆಯದೇ. ಬಂದಾಗಲೆಲ್ಲ ಅವ್ವ ಒಳ್ಳೆಯ ಸೀರೆ ಉಟ್ಟು, ಅನ್ನಕ್ಕೆ ತುಪ್ಪ ಹಾಕಿ, ಮುಖ ನೋಡುತ್ತಿದ್ದಳು. ಇವಳು ನೋಡವ ಎಂದು ಸಂಜೆಯ ಬಸ್ಸು ಹಿಡಿಯುತ್ತಿದ್ದಳು. ಹಾಗೆ ಅವ್ವನ ಆಸೆ ಜೀವ ಹಿಡಿದುಕೊಂಡಿತ್ತು, ಇವಳ ಹೆದರಿಕೆಯೂ ಜೀವ ಹಿಡಿದುಕೊಂಡಿತ್ತು.

ಹುಲ್ಲಿನ ಮೇಲೆ ಅವ್ವನ ಎದುರು ಕೂತಳು. ಸೀರೆಗೆ ಸಗಣಿ ಮೆತ್ತಿಕೊಂಡಿತು. "ನಾನು ಓಗಲ್ಲ ಕಣವ್ವ," ಎಂದಳು. ಮತ್ತೆ ಹೇಳಿದಳು. "ನಾಗಮಂಗ್ಲುಕ್ಕೆ ನಾನ್ ಓಗಲ್ಲ. ಇವತ್ತೂ ಇಲ್ಲ, ಮುಂದ್ಕೂ ಇಲ್ಲ. ಅವ್ರು ಕೆಟ್ಟೋರಂತ ಅಲ್ಲ. ಅಲ್ಲಿ ನನ್ ಮಾತ್ ಯಾರ್ಗೂ ಬ್ಯಾಡವಾಗಿತ್ತು. ಪಾಂಡವಪುರದಲ್ಲಿ ಒಬ್ಳೇ ಇದ್ರೂ ಸಂದಾಗಿವ್ನಿ. ರಾತ್ರಿ ನಿದ್ದೆ ಬತ್ತದೆ ಕಣವ್ವ ನಂಗೆ."

ಅವ್ವ ಗುಡಿಯಲ್ಲಿ ಕಣಗಲೆ ಬಿದ್ದಾಗ ನೋಡಿದ ಹಾಗೆಯೇ ನೆಲ ನೋಡಿದಳು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ, "ಅದ್ನ ಮೊದ್ಲೇ ಯೋಳಕ್ಕೇನ್ ದಾಡಿ ಆಗಿತ್ತು ನಿನ್ಗೆ?" ಎಂದಳು. ಬೈಗುಳದಲ್ಲಿ ಜೀವವಿತ್ತು. "ಆ ದರಿದ್ರದ್ ಚಕ್ರ ತಿರುಗ್ಸಿ ತಿರುಗ್ಸಿ ಎಬ್ಬೆಟ್ಟೆಲ್ಲ ಸೆಳೀತದೆ. ಕೆಂಪಿ ನನ್ ಮುಖ ನೋಡ್ತಾ ಇತ್ತಂತೆ ಕಣವ್ವ, ಸಹನ ಅಂದ್ಳು. ಎಷ್ಟ್ ದನಗೋಳ್ ಬಾಣಂತನ ಮಾಡಿವ್ನಿ ನಾನು, ನನ್ ಮನೆ ದನ ನನ್ ಮುಖ ನೋಡ್ತಾ ನಿಂತಿದ್ರೆ..." ಮುಂದಕ್ಕೆ ಬಾಗಿ ಕರುವಿನ ಕಿವಿ ಹಿಡಿದು, ಮೂಗು ಒರೆಸಿದಳು, ಒರೆಸಲು ಅಲ್ಲಿ ಏನೂ ಇರಲಿಲ್ಲ. ಕರು ಅವಳ ಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. "ನೋಡು, ಅಸ್ಕಂಡದೆ," ಎಂದಳು. "ಕೈ ಕೊಡು, ಮಂಡಿ ಇಡ್ಕಬುಟ್ಟದೆ." ಪ್ರಮೀಳಾ ಎಬ್ಬಿಸಿದಳು. ಕರುವನ್ನು ಕೆಂಪಿಯ ಕೆಚ್ಚಲಿಗೆ ಬಿಟ್ಟು ಒಳಗೆ ಬಂದರು. ಅವ್ವ ಎರಡು ತುತ್ತು ಮುದ್ದೆ ಉಂಡಿದ್ದನ್ನು ಅಡುಗೆಮನೆಯ ಬಾಗಿಲಿಂದ ಸಹನ ಕದ್ದು ನೋಡಿ, ಮೂರನೆಯದಕ್ಕೆ ಕೇಳದೆಯೇ ಸಾರು ಬಿಟ್ಟಳು.

ಉಣ್ಣುವಾಗಲೇ ಪ್ರಮೀಳಾ ಮಂಜುನಾಥನಿಗೆ ಫೋನು ಮಾಡಿ, ಬೆಳಿಗ್ಗೆ ಓದಿದ್ದನ್ನು ಕಳಿಸಬೇಡ, ನಾನು ಬರುತ್ತೇನೆ ಎಂದಳು. ಅವ್ವ ಕೈ ತೊಳೆದು ಬಂದು, "ಎಲ್ಲಿಗೆ?" ಎಂದಳು. ಹೇಳಿದಳು. "ನಾನೂ ಬತ್ತೀನಿ. ಆ ಪೆಟ್ಗೇಲಿ ನಿನ್ ದನೀನ ಎಂಗ್ ತುರುಕ್ತಾರೆ ನಾನೂ ನೋಡ್ಬೇಕು," ಎಂದು ಒಳ್ಳೆಯ ಸೀರೆ ಉಟ್ಟಳು. ಅವ್ವನ ಫೋನು ಹುಲ್ಲಿನಡಿಯಲ್ಲೇ ಇತ್ತು, ಬಸ್ಸು ಹತ್ತುವಾಗ ಇಬ್ಬರಿಗೂ ನೆನಪಾಗಲಿಲ್ಲ. ಆದರೆ ಬಸ್ಸು ಪಾಲಹಳ್ಳಿ ದಾಟುವ ಹೊತ್ತಿಗೆ ಅವ್ವನ ಹೆಬ್ಬೆರಳು ಸುಮ್ಮಸುಮ್ಮನೆ ತೊಡೆಯ ಮೇಲೆ ತಳ್ಳಿ ತಳ್ಳಿ ಆಡುತ್ತಿತ್ತು. ಪ್ರಮೀಳಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಹೆಬ್ಬೆರಳು ಅಂಗೈಯೊಳಗೆ ಸ್ವಲ್ಪ ಹೊತ್ತು ಮಿಸುಕಿ ನಿಂತಿತು. ಒಂದು ಸಲ 'ಇಲ್ಲ' ಅಂದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ, ನಾಳೆ ಮತ್ತೆ ಕೈ ಹುಲ್ಲಿನಡಿಗೆ ಹೋಗುತ್ತದೆ. ಹೋದಾಗ ಅದರೊಳಗಿನ ದನಿ ಏನು ಹೇಳಬೇಕು ಎಂದು ಪ್ರಮೀಳಾ ದಾರಿಯುದ್ದಕ್ಕೂ ಯೋಚಿಸಿದಳು.

ಸ್ಟುಡಿಯೋದಲ್ಲಿ ಮಂಜುನಾಥ ಅವ್ವನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಗಾಜಿನ ಈಚೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಗೊಂದು ಹೆಡ್‌ಫೋನು ಹಾಕಿದ. "ಭಾರ ಅದೆ ಕಣಪ್ಪ," ಎಂದಳು ಅವ್ವ. ಗಾಜಿನ ಒಳಗೆ ಪ್ರಮೀಳಾ ಮೈಕಿನ ಮುಂದೆ ನಿಂತಳು. ಲ್ಯಾಪ್‌ಟಾಪಿನಿಂದ ಅರ್ಪಿತ, "ಯಾಕೆ ಪ್ರಮೀಳಾ ಅವ್ರೇ, ಬೆಳಿಗ್ಗೇದು ಚೆನ್ನಾಗೇ ಇತ್ತಲ್ಲ?" ಎಂದಳು.

"ಮೊದಲು ನನ್ನನ್ನ ಮನೇಲಿ ಮಾತಾಡಿದ ಹಾಗೆ ಮಾತಾಡಿ ಅಂದ್ರಿ. ಬನ್ನಿ ಅನ್ನೋಕೆ ಮನೆ ಮಾತು, ಹೋಗಿ ಅನ್ನೋಕೆ ಆಫೀಸಿನ ಮಾತಾ? ಎರಡೂ ಒಂದೇ ದನಿಯಲ್ಲಿರಲಿ. ಇಲ್ಲ ಅಂದ್ರೆ ಎರಡನ್ನೂ ತೆಗೆದುಬಿಡಿ," ಎಂದಳು ಪ್ರಮೀಳಾ. ಈ ಕೆಲಸ ಹೋದರೆ ಆಟೋ ಮೇಲಿನ ಮೈಕು ಇದ್ದೇ ಇದೆ ಎಂದುಕೊಂಡಳು.

"ಜನ ನಿಜವಾಗ್ಲೂ ಎದ್ದು ಹೋಗಿಬಿಡ್ತಾರೆ ಅಂತಾರೆ ನಮ್ಮೋರು."

"ನಿಯಮ ತರೋದು ಅದಕ್ಕೇ ಅಲ್ವಾ?"

ಅರ್ಪಿತ ಒಂದು ಕ್ಷಣ ಆಚೆ ಈಚೆ ನೋಡಿ, "ಸರಿ, ಹೇಳಿ. ಕೇಳೋಣ," ಎಂದಳು.

ಮಂಜುನಾಥ ಬೆರಳೆತ್ತಿದ. ಪ್ರಮೀಳಾಗೆ ದ್ಯಾವಯ್ಯ ಕಂಡ, ನೀರು ತೊಟ್ಟಿಕ್ಕುವ ಕೈಯಲ್ಲಿ ಹೂಗಳನ್ನು ಸರಿಸುತ್ತ, ಬಲಕ್ಕೆ ಬಿದ್ದವರನ್ನೂ ಎಡಕ್ಕೆ ಬಿದ್ದವರನ್ನೂ ಒಂದೇ ಕಕ್ಕುಲಾತಿಯಲ್ಲಿ ಮನೆಗೆ ಕಳಿಸುವ ದ್ಯಾವಯ್ಯ. ಬಸ್ಸಿನ ಆ ಬಿಳಿ ಶರಟಿನವನು ಕಂಡ. ಅವನ ಮನೆಯಲ್ಲೂ ಯಾರೋ ಕಾಯುತ್ತಿರಬೇಕು. ಅಯ್ಯಯ್ಯೋ ಅನ್ನುವಾಗ ಇದ್ದ ಅದೇ ಎಳೆತದಲ್ಲಿ, ಅದೇ ಸಣ್ಣ ನಗುವಿನಲ್ಲಿ, ಗಾಜಿನ ಆಚೆ ಯಾರನ್ನೂ ನೋಡದೆ ಕಣ್ಣು ಮುಚ್ಚಿ ಹೇಳಿದಳು: "ಸಾಕು ಕಣವ್ವ. ಕೇಳ್ಬೇಕಾದ್ದು ಕೇಳಾಯ್ತು. ಎದ್ದೇಳು, ಮನೇಲಿ ಕಾಯ್ತಾವ್ರೆ."

ಕಣ್ಣು ಬಿಟ್ಟಾಗ ಗಾಜಿನ ಆಚೆ ಅವ್ವ ಎದ್ದು ನಿಂತಿದ್ದಳು. ಹೆಡ್‌ಫೋನನ್ನು ಮಂಜುನಾಥನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದಳು. ಮಂಜುನಾಥ ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದುಕೊಂಡ. "ಯಾರದು? ಎದ್ದು ಹೋಗ್ತಿರೋರು ಯಾರು?" ಎಂದು ಅರ್ಪಿತಳ ದನಿ ಕಿವಿಯಲ್ಲಿ ಕೇಳಿತು. ಆಮೇಲೆ ಅವಳು ಮೆಲ್ಲಗೆ, "ಇದನ್ನೇ ಕಳಿಸಿ ಮಂಜುನಾಥ್. ಮೇಲಿನೋರಿಗೆ ನಾನು ಹೇಳ್ತೀನಿ," ಎಂದಳು. ಅವ್ವನಿಗೆ ಅದೇನೂ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟಿ ಗಾಜಿನ ಹತ್ತಿರ ಬಂದು, ಬೆರಳಿನಿಂದ ಟಕಟಕ ತಟ್ಟಿ, "ಬಾರವ್ವ, ನೀನೇ ಎದ್ದೇಳು ಅಂದ್ಬುಟ್ಟು ಅಲ್ಲೇ ನಿಂತ್ಕಂಡಿದ್ದೀಯಲ್ಲ," ಎಂದಳು. "ಕೆಂಪಿ ಹಾಲು ಕರ್ಯೋ ಒತ್ತಾಯ್ತು."